ಅಕ್ಕಂದಿರು ಪಾಲು ಕೇಳುತ್ತಿದ್ದಾರೆ: ಮದುವೆಗೆ ಮಾಡಿದ ಖರ್ಚು ಪಾಲಲ್ಲವೇ?

ಪ್ರಶ್ನೆ: ನಮ್ಮದು ಹಾವೇರಿ ಜಿಲ್ಲೆ ರಾಣೆಬೆನ್ನೂರು ತಾಲ್ಲೂಕಿನ ಹಳ್ಳಿ. ಮುತ್ತಜ್ಜನ ಕಾಲದಿಂದ ಬಂದ 9 ಎಕರೆ ಹೊಲವಿದೆ. ತಾಯಿ ಮೊದಲೇ ತೀರಿಕೊಂಡಿದ್ದರು, ತಂದೆ 2001ರಲ್ಲಿ ಹೋದರು. ನಾನೊಬ್ಬನೇ ಮಗ, ಇಬ್ಬರು ಅಕ್ಕಂದಿರು. ದೊಡ್ಡಕ್ಕನ ಮದುವೆ 1991ರಲ್ಲಿ, ಸಣ್ಣಕ್ಕನದು 1997ರಲ್ಲಿ ಆಯಿತು. ಎರಡಕ್ಕೂ ತಂದೆ ಸಾಲ ಮಾಡಿದ್ದರು; ಎರಡನೆಯ ಸಾಲ ತೀರಿಸಿದವನು ನಾನು. 2003ರಲ್ಲಿ ಅಕ್ಕಂದಿರಿಬ್ಬರೂ ಕಂದಾಯ ಇಲಾಖೆಗೆ ಕೊಡುವ ವರ್ದಿಗೆ ಸಹಿ ಹಾಕಿದರು, ಉತಾರದಲ್ಲಿ (ಪಹಣಿಯಲ್ಲಿ) ನನ್ನ ಹೆಸರು ಕೂತಿತು. 2012ರಲ್ಲಿ ಬೋರ್‌ವೆಲ್ ಕೊರೆಸಿ 2 ಎಕರೆ ಅಡಿಕೆ ಹಾಕಿದ್ದೇನೆ. ಈಗ ಹೆದ್ದಾರಿ ಬದಿಯ ಜಮೀನಿಗೆ ಬೆಲೆ ಬಂದ ಮೇಲೆ ಇಬ್ಬರೂ ತಲಾ 3 ಎಕರೆ ಕೇಳುತ್ತಿದ್ದಾರೆ. ಬಂಗಾರ, ಮದುವೆ ಖರ್ಚು ಎಲ್ಲ ಕೊಟ್ಟಾಗಿದೆ, ಅದು ಪಾಲಲ್ಲವೇ? ನಮ್ಮ ಧರ್ಮದಲ್ಲಿ ಇಲ್ಲದ ಹಕ್ಕನ್ನು ಸರ್ಕಾರ ಹಿಂದೂಗಳ ಮೇಲೆ ಮಾತ್ರ ಏಕೆ ಹೇರಿತು? ಹೀಗೆ ಒಡೆಯುತ್ತ ಹೋದರೆ ಹೊಲ ಉಳಿಯುತ್ತದೆಯೇ, ಸಂಬಂಧ ಉಳಿಯುತ್ತದೆಯೇ? (ಹೆಸರು ಬೇಡ)

ಉತ್ತರ: ನೇರವಾಗಿಯೇ ಹೇಳುತ್ತೇನೆ. ನೀವು ಬರೆದ ಸಂಗತಿಗಳೆಲ್ಲ ಹಾಗೆಯೇ ಇದ್ದರೆ ಅಕ್ಕಂದಿರು ಕೇಳುತ್ತಿರುವ ಲೆಕ್ಕ ಸರಿಯಾಗಿದೆ. 9 ಎಕರೆಯಲ್ಲಿ ಮೂವರಿಗೂ ತಲಾ 3 ಎಕರೆ. ಇದು ನಿಮಗೆ ಕಹಿಯಾಗಿ ಕೇಳಿಸುತ್ತದೆ ಎಂದು ಗೊತ್ತು. ಆದರೆ ನಿಮ್ಮ ಪತ್ರದಲ್ಲಿ ಒಂದು ದೊಡ್ಡ ತಪ್ಪು ತಿಳಿವಳಿಕೆ ಇದೆ: ಈ ಹಕ್ಕು ನಿನ್ನೆ ಮೊನ್ನೆ ಹುಟ್ಟಿತು, ಹೆದ್ದಾರಿಯ ಜೊತೆಗೇ ಬಂತು ಎಂದು ನೀವು ಭಾವಿಸಿದ್ದೀರಿ. ಹಾಗಲ್ಲ. ನಿಮ್ಮ ತಂದೆ ತೀರಿಕೊಂಡ ದಿನವೇ ಆ ಹೊಲದಲ್ಲಿ ಅಕ್ಕಂದಿರಿಗೆ ಪಾಲಿತ್ತು.

ಲೆಕ್ಕ ಹಾಕಿ ತೋರಿಸುತ್ತೇನೆ. ಹಿಂದೂ ಉತ್ತರಾಧಿಕಾರ ಕಾಯ್ದೆ ಜಾರಿಗೆ ಬಂದದ್ದು 1956ರ ಜೂನ್ 17ರಂದು. ಅವಿಭಕ್ತ ಕುಟುಂಬದ ಪಿತ್ರಾರ್ಜಿತ ಆಸ್ತಿಯಲ್ಲಿ ಹುಟ್ಟಿನಿಂದ ಬರುವ ಹಕ್ಕನ್ನು ಆ ಕಾಯ್ದೆ ಗಂಡುಮಕ್ಕಳಿಗೆ ಮಾತ್ರ ಉಳಿಸಿಕೊಂಡಿತು, ನಿಜ. ಆದರೆ ತಂದೆ ತೀರಿಕೊಳ್ಳುವುದಕ್ಕೆ ಸ್ವಲ್ಪ ಮೊದಲು ಮನೆ ಪಾಲಾಗಿತ್ತು ಎಂದು ಕಲ್ಪಿಸಿಕೊಂಡು, ಆಗ ತಂದೆಯ ಪಾಲಿಗೆ ಎಷ್ಟು ಬರುತ್ತಿತ್ತೋ ಅದನ್ನು ಎಲ್ಲ ಮಕ್ಕಳಿಗೂ ಸಮನಾಗಿ ಹಂಚಬೇಕು ಎಂದೂ ಅದೇ ಕಾಯ್ದೆ ಹೇಳಿತು. ನಿಮ್ಮ ಮನೆಯಲ್ಲಿ ಅಂದರೆ ತಂದೆಗೆ ನಾಲ್ಕೂವರೆ ಎಕರೆ, ನಿಮಗೆ ನಾಲ್ಕೂವರೆ. ತಂದೆಯ ನಾಲ್ಕೂವರೆಯನ್ನು ಮೂವರು ಮಕ್ಕಳಿಗೆ ಹಂಚಿದರೆ ತಲಾ 1 ಎಕರೆ 20 ಗುಂಟೆ. ನಿಮಗೆ ಒಟ್ಟು 6 ಎಕರೆ, ಅಕ್ಕಂದಿರಿಬ್ಬರಿಗೂ ಸೇರಿ 3 ಎಕರೆ. ನೆಹರೂ ಕಾಲದ ಕಾನೂನಿನ ಲೆಕ್ಕ ಇದು. 2003ರಲ್ಲಿ ಅಕ್ಕಂದಿರಿಂದ ಸಹಿ ಹಾಕಿಸಿಕೊಂಡಾಗ ಈ 3 ಎಕರೆಯ ಮಾತನ್ನು ಯಾರಾದರೂ ಅವರಿಗೆ ಹೇಳಿದ್ದರೇ? ಉತ್ತರ ಕರ್ನಾಟಕದ ಸಿವಿಲ್ ಕೋರ್ಟುಗಳಲ್ಲಿ ವರ್ಷಗಟ್ಟಲೆ ಪಾಲಿನ ದಾವೆ ನಡೆಸಿದ ಮೇಲೆ ಹೇಳುತ್ತೇನೆ, ಸಾಮಾನ್ಯವಾಗಿ ಯಾರೂ ಹೇಳುವುದಿಲ್ಲ.

ಇನ್ನು 1994. ಅಖಿಲ ಭಾರತ ಮಟ್ಟದಲ್ಲಿ ತಿದ್ದುಪಡಿ ಆಗುವುದಕ್ಕೆ ಹನ್ನೊಂದು ವರ್ಷ ಮೊದಲೇ ಕರ್ನಾಟಕ ತನ್ನದೇ ತಿದ್ದುಪಡಿ ತಂದಿತ್ತು. ಕೇರಳ 1975ರ ಕಾನೂನಿನಲ್ಲಿ ಅವಿಭಕ್ತ ಕುಟುಂಬದ ವ್ಯವಸ್ಥೆಯನ್ನೇ ತೆಗೆದುಹಾಕಿತ್ತು. ಆಂಧ್ರ, ತಮಿಳುನಾಡು ಮಗಳಿಗೆ ಹುಟ್ಟಿನಿಂದ ಹಕ್ಕು ಕೊಟ್ಟಿದ್ದವು. 1994ರಲ್ಲಿ ಮಹಾರಾಷ್ಟ್ರ ಮತ್ತು ಕರ್ನಾಟಕ ಆ ಸಾಲಿಗೆ ಸೇರಿದವು. ನಮ್ಮ ತಿದ್ದುಪಡಿ ಜಾರಿಯಾದದ್ದು 1994ರ ಜುಲೈ 30ರಂದು, ಮತ್ತು ಅದರಲ್ಲಿ ಒಂದು ಷರತ್ತಿತ್ತು: ಆ ದಿನಕ್ಕೆ ಮೊದಲೇ ಮದುವೆಯಾದ ಹೆಣ್ಣುಮಕ್ಕಳಿಗೆ ಇದು ಅನ್ವಯಿಸುವುದಿಲ್ಲ. ನಿಮ್ಮ ದೊಡ್ಡಕ್ಕ 1991ರಲ್ಲಿ ಮದುವೆಯಾದವರು, ಹೊರಗುಳಿದರು. ಸಣ್ಣಕ್ಕ ಒಳಗೆ ಬಂದರು. ಆ ಲೆಕ್ಕದಲ್ಲಿ ತಂದೆ, ನೀವು, ಸಣ್ಣಕ್ಕ ಮೂವರಿಗೂ ತಲಾ 3 ಎಕರೆ. ತಂದೆಯ 3 ಎಕರೆ ಮತ್ತೆ ಮೂವರು ಮಕ್ಕಳಿಗೆ. ಕೊನೆಗೆ ನಿಮಗೆ 4, ಸಣ್ಣಕ್ಕನಿಗೆ 4, ದೊಡ್ಡಕ್ಕನಿಗೆ 1 ಎಕರೆ. ಒಂದೇ ತಾಯಿಯ ಇಬ್ಬರು ಹೆಣ್ಣುಮಕ್ಕಳಲ್ಲಿ ಲಗ್ನಪತ್ರಿಕೆಯ ತಾರೀಖು ನೋಡಿ ಒಬ್ಬಳಿಗೆ ನಾಲ್ಕು, ಇನ್ನೊಬ್ಬಳಿಗೆ ಒಂದು. ಇದು ನ್ಯಾಯವಲ್ಲ ಎಂದು ಆಗಲೂ ಅನ್ನಿಸುತ್ತಿತ್ತು.

2005ರ ಸೆಪ್ಟೆಂಬರ್ 9ರಂದು ಕೇಂದ್ರದ ತಿದ್ದುಪಡಿ ಜಾರಿಗೆ ಬಂತು. ಮಗಳೂ ಮಗನಂತೆಯೇ ಹುಟ್ಟಿನಿಂದ ಹಕ್ಕುದಾರಳು, ಮದುವೆಯಾಗಿದ್ದರೂ ಸರಿ. ಆದರೆ ಆ ದಿನಕ್ಕೆ ಮೊದಲೇ ತಂದೆ ತೀರಿಕೊಂಡಿದ್ದರೆ? ಈ ಒಂದು ಪ್ರಶ್ನೆ ಹದಿನೈದು ವರ್ಷ ಮನೆಮನೆಗಳನ್ನು ಕೋರ್ಟಿಗೆ ಅಲೆಸಿತು. ಕರ್ನಾಟಕದಿಂದಲೇ ಹೋದ ಫುಲಾವತಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2015ರಲ್ಲಿ, ಅಂದು ತಂದೆಯೂ ಬದುಕಿರಬೇಕು, ಮಗಳೂ ಬದುಕಿರಬೇಕು ಎಂದಿತು. 2018ರಲ್ಲಿ, ಅದೂ ಕರ್ನಾಟಕದ್ದೇ ಆದ ದಾನಮ್ಮ ಪ್ರಕರಣದಲ್ಲಿ, 2001ರಲ್ಲಿ ತಂದೆ ತೀರಿಕೊಂಡಿದ್ದ ಹೆಣ್ಣುಮಕ್ಕಳಿಗೂ ಸಮಪಾಲು ಕೊಟ್ಟಿತು. ಎರಡಕ್ಕೂ ತಾಳೆಯಾಗದೆ ವಿಷಯ ಮೂವರು ನ್ಯಾಯಮೂರ್ತಿಗಳ ಪೀಠಕ್ಕೆ ಹೋಯಿತು. 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದ ತೀರ್ಪು ಬಂದು ಗೊಂದಲ ಮುಗಿಯಿತು: ಹಕ್ಕು ಬರುವುದು ಹುಟ್ಟಿನಿಂದ, ಆದ್ದರಿಂದ ತಂದೆ ಯಾವಾಗ ತೀರಿಕೊಂಡರು ಎಂಬುದು ಮುಖ್ಯವಲ್ಲ. ಈಗ ನಿಮ್ಮ ಲೆಕ್ಕ 3, 3, 3.

ಒಂದು ವೇಳೆ ಈ ಹೊಲ ಪಿತ್ರಾರ್ಜಿತವೇ ಅಲ್ಲ, ತಂದೆಯ ಸ್ವಯಾರ್ಜಿತ ಎಂದು ವಾದಿಸೋಣ ಅಂದುಕೊಂಡರೂ ಫಲಿತಾಂಶ ಬದಲಾಗುವುದಿಲ್ಲ. ಉಯಿಲು ಬರೆಯದೆ ತೀರಿಕೊಂಡ ತಂದೆಯ ಸ್ವಯಾರ್ಜಿತದಲ್ಲಿ ಮಗ ಮಗಳು ಸಮಾನರು ಎಂಬುದು 1956ರಿಂದಲೇ ಇರುವ ನಿಯಮ. ಅಲ್ಲಿಯೂ ತಲಾ 3 ಎಕರೆಯೇ.

ವರ್ದಿಯ ವಿಷಯಕ್ಕೆ ಬರುತ್ತೇನೆ, ಏಕೆಂದರೆ ನಿಮ್ಮ ಧೈರ್ಯವೆಲ್ಲ ಅದರ ಮೇಲೆ ನಿಂತಿದೆ. ವರ್ದಿ ಎಂದರೆ ಕಂದಾಯದವರಿಗೆ ಕೊಟ್ಟ ತಿಳಿವಳಿಕೆ, ಅಷ್ಟೇ. ಅದರ ಮೇಲೆ ಡೈರಿ (ಹೆಸರು ಬದಲಾವಣೆಯ ನಮೂದು) ಮಂಜೂರಾಗಿ ಉತಾರದಲ್ಲಿ ಹೆಸರು ಬದಲಾಗುತ್ತದೆ. ಕಂದಾಯ ಯಾರು ಕಟ್ಟಬೇಕು ಎಂದು ಸರ್ಕಾರಕ್ಕೆ ಗೊತ್ತಾಗುವುದಕ್ಕೆ ಇರುವ ದಾಖಲೆ ಅದು. ಮಾಲೀಕತ್ವವನ್ನು ಅದು ಹುಟ್ಟಿಸುವುದೂ ಇಲ್ಲ, ಅಳಿಸುವುದೂ ಇಲ್ಲ. ಅಕ್ಕ ತನ್ನ ಹಕ್ಕನ್ನು ಬಿಟ್ಟುಕೊಡಬೇಕಾದರೆ ಉಪನೋಂದಣಾಧಿಕಾರಿ ಕಚೇರಿಯಲ್ಲಿ ಹಕ್ಕು ಬಿಡುಗಡೆ ಪತ್ರ ನೋಂದಣಿಯಾಗಬೇಕು.

ನಿಮ್ಮ ವಕೀಲರು ಇಲ್ಲಿ ಒಂದು ದಾರಿ ತೋರಿಸಬಹುದು. 2004ರ ಡಿಸೆಂಬರ್ 20ಕ್ಕೆ ಮೊದಲು ಆದ ಪಾಲುಗಳನ್ನು 2005ರ ತಿದ್ದುಪಡಿ ಮುಟ್ಟುವುದಿಲ್ಲ. ಆ ದಿನ ಮಸೂದೆ ರಾಜ್ಯಸಭೆಯಲ್ಲಿ ಮಂಡನೆಯಾಗಿತ್ತು. ನಿಮ್ಮ ವರ್ದಿ 2003ರದು. ನೋಂದಾಯಿತ ಪಾಲುಪತ್ರ ಅಥವಾ ಕೋರ್ಟಿನ ಡಿಕ್ರಿ ಇಲ್ಲದಿದ್ದರೂ, ಸಾರ್ವಜನಿಕ ದಾಖಲೆಗಳಿಂದ ಗಟ್ಟಿಯಾಗಿ ಸಾಬೀತಾಗುವ ಬಾಯಿಮಾತಿನ ಪಾಲನ್ನು ಅಪರೂಪಕ್ಕೆ ಒಪ್ಪಬಹುದು ಎಂದು ವಿನೀತಾ ಶರ್ಮಾ ತೀರ್ಪಿನಲ್ಲಿಯೇ ಇದೆ. ಆದರೆ ಈ ವಾದ ನಿಮ್ಮ ಕೈಹಿಡಿಯುತ್ತದೆ ಎಂದು ನನಗೆ ಅನ್ನಿಸುವುದಿಲ್ಲ. ಪಾಲು ಎಂದರೆ ಎಲ್ಲರಿಗೂ ಏನಾದರೂ ಸಿಕ್ಕು ಬೇರೆಯಾಗುವುದು. ನಿಮ್ಮಲ್ಲಿ ಒಬ್ಬರಿಗೆ ಒಂಬತ್ತು, ಇಬ್ಬರಿಗೆ ಸೊನ್ನೆ. ಅದು ವಾಟ್ನಿ (ಪಾಲು ಹಂಚಿಕೆ) ಅಲ್ಲ, ಹಕ್ಕು ಬಿಟ್ಟದ್ದು. ಹಕ್ಕು ಬಿಡುವುದಕ್ಕೆ ನೋಂದಣಿ ಬೇಕೇ ಬೇಕು.

ಹಾಗಾದರೆ ಇಪ್ಪತ್ತು ವರ್ಷದ ಮೇಲೆ ಕೇಳಬಹುದೇ? ತನ್ನನ್ನು ಆಸ್ತಿಯಿಂದ ಹೊರಗಿಟ್ಟಿದ್ದಾರೆ ಎಂದು ತಿಳಿದ ದಿನದಿಂದ 12 ವರ್ಷದೊಳಗೆ ದಾವೆ ಹೂಡಬೇಕು ಎಂದು ಕಾಲಮಿತಿ ಕಾಯ್ದೆ ಹೇಳುತ್ತದೆ. ಆದರೆ ಉತಾರದಲ್ಲಿ ಒಬ್ಬರ ಹೆಸರು ಇದ್ದ ಮಾತ್ರಕ್ಕೆ ಉಳಿದವರನ್ನು ಹೊರಗಿಟ್ಟಂತೆ ಆಗುವುದಿಲ್ಲ. ಒಬ್ಬ ಪಾಲುದಾರನ ಸ್ವಾಧೀನ ಎಲ್ಲ ಪಾಲುದಾರರ ಪರವಾಗಿಯೇ ಇದೆ ಎಂದು ಕೋರ್ಟ್ ಭಾವಿಸುತ್ತದೆ. ನೀವು ಪ್ರತಿ ವರ್ಷ ಅಕ್ಕಂದಿರ ಮನೆಗೆ ಒಂದು ಚೀಲ ಜೋಳ, ಒಂದಿಷ್ಟು ಮೆಣಸಿನಕಾಯಿ ಕಳಿಸಿದ್ದರೆ, ಪಂಚಮಿಗೆ ಕರೆದುಕೊಂಡು ಬಂದು ಉಡಿ ತುಂಬಿ ಕಳಿಸಿದ್ದರೆ, ಅವರ ವಕೀಲರು ಅದನ್ನೇ ಸಾಕ್ಷಿಪೆಟ್ಟಿಗೆಯಲ್ಲಿ ನಿಮ್ಮಿಂದ ಹೇಳಿಸುತ್ತಾರೆ: ಹೊಲದ ಫಲ ಅವರಿಗೂ ಹೋಗುತ್ತಿತ್ತು ಎಂದು.

ಇನ್ನು ನಿಮ್ಮ ಮನಸ್ಸಿನಲ್ಲಿ ಕೊರೆಯುತ್ತಿರುವ ಮಾತು. ಮದುವೆಯ ಖರ್ಚೇ ಪಾಲು ಎಂದು ನಮ್ಮ ಊರುಗಳಲ್ಲಿ ಎಲ್ಲರೂ ನಂಬಿದ್ದಾರೆ, ಮತ್ತು ಅದನ್ನು ಧರ್ಮ ಎಂದೇ ನಂಬಿದ್ದಾರೆ. ಈ ನಂಬಿಕೆಗೆ ಉತ್ತರ ನಮ್ಮ ನಾಡಿನಿಂದಲೇ ಸಿಗುತ್ತದೆ. ಬ್ರಿಟಿಷರ ಕಾಲದಿಂದ ಇಂದಿನವರೆಗೆ ಹೆಚ್ಚು ಕಡಿಮೆ ಇಡೀ ಭಾರತದ ಅವಿಭಕ್ತ ಕುಟುಂಬಗಳ ಆಸ್ತಿ ವ್ಯವಹಾರಕ್ಕೆ ಆಧಾರವಾದ ಗ್ರಂಥ ಮಿತಾಕ್ಷರಾ. ಅದನ್ನು ಬರೆದ ವಿಜ್ಞಾನೇಶ್ವರ, ಕಲ್ಯಾಣದ ಚಾಲುಕ್ಯ ದೊರೆ ಆರನೆಯ ವಿಕ್ರಮಾದಿತ್ಯನ ಆಸ್ಥಾನದವನು; ಇಂದಿನ ಬೀದರ್ ಜಿಲ್ಲೆಯ ಬಸವಕಲ್ಯಾಣವೇ ಆ ಕಲ್ಯಾಣ. ಯಾಜ್ಞವಲ್ಕ್ಯ ಸ್ಮೃತಿಗೆ ಅವನು ಬರೆದ ವ್ಯಾಖ್ಯಾನ ಅದು. ಅಣ್ಣತಮ್ಮಂದಿರು ಪಾಲಾಗುವಾಗ ಮದುವೆಯಾಗದ ತಂಗಿಗೆ ಕಾಲು ಪಾಲು ಕೊಡಬೇಕು ಎಂದು ಸ್ಮೃತಿಯಲ್ಲಿ ಬರುತ್ತದೆ. ಭಾರುಚಿ ಎಂಬ ಹಿಂದಿನ ವ್ಯಾಖ್ಯಾನಕಾರ ಅದರ ಅರ್ಥ ಮದುವೆಯ ವೆಚ್ಚ ಮಾತ್ರ ಎಂದಿದ್ದ. ವಿಜ್ಞಾನೇಶ್ವರ ಅದನ್ನು ಒಪ್ಪಲಿಲ್ಲ. ಅಸಹಾಯ, ಮೇಧಾತಿಥಿ ಎಂಬ ಇನ್ನಿಬ್ಬರು ವ್ಯಾಖ್ಯಾನಕಾರರ ಪಕ್ಷ ಹಿಡಿದು, ಅದು ಬರೀ ಮದುವೆ ಖರ್ಚಲ್ಲ, ನಿಜವಾದ ಪಾಲು ಎಂದ. ಸ್ತ್ರೀಧನದ, ಅಂದರೆ ಹೆಣ್ಣಿಗೇ ಸೇರಿದ ಆಸ್ತಿಯ, ವ್ಯಾಪ್ತಿಯನ್ನೂ ಅವನು ಹಿಗ್ಗಿಸಿದ್ದ. ಉತ್ತರಾಧಿಕಾರದಿಂದ, ಖರೀದಿಯಿಂದ, ಪಾಲಿನಿಂದ ಬಂದದ್ದೂ ಅವಳ ಸ್ತ್ರೀಧನವೇ ಎಂದಿದ್ದ. ಅದನ್ನು ಮತ್ತೆ ಕುಗ್ಗಿಸಿದ್ದು ಲಂಡನ್ನಿನಲ್ಲಿ ಕೂತಿದ್ದ ಪ್ರಿವಿ ಕೌನ್ಸಿಲ್, ಬ್ರಿಟಿಷರ ಕಾಲದ ಕೊನೆಯ ಮೇಲ್ಮನವಿ ನ್ಯಾಯಾಲಯ. ಮಿತಾಕ್ಷರಾ ಇಂದಿನ ಸಮಾನತೆಯನ್ನು ಬೋಧಿಸಿತು ಎಂದು ನಾನು ಹೇಳುತ್ತಿಲ್ಲ. ಹುಟ್ಟಿನಿಂದ ಹಕ್ಕು ಗಂಡಿಗೆ ಎಂಬ ವ್ಯವಸ್ಥೆ ಬೇರೂರಿದ್ದು ಅದೇ ಗ್ರಂಥದಿಂದ. ಆದರೆ ಮದುವೆ ಖರ್ಚು ಪಾಲಾಗುತ್ತದೆಯೇ ಎಂಬ ನಿಮ್ಮ ಪ್ರಶ್ನೆಯನ್ನೇ ಸುಮಾರು ಒಂಬತ್ತು ನೂರು ವರ್ಷಗಳ ಹಿಂದೆ ಕಲ್ಯಾಣದ ಪಂಡಿತನೊಬ್ಬ ಎತ್ತಿಕೊಂಡು, ಇಲ್ಲ ಎಂದು ಉತ್ತರ ಕೊಟ್ಟಿದ್ದಾನೆ. ಧರ್ಮದಲ್ಲಿಯೇ ಇಲ್ಲ ಎನ್ನುವವರು ಇದನ್ನು ತಿಳಿದಿರಬೇಕು.

ಬಂಗಾರದ ಬಗ್ಗೆ ಇನ್ನೂ ಒಂದು ಮಾತು. ವರದಕ್ಷಿಣೆ ಕೊಟ್ಟೆವು ಎಂದು ಕೋರ್ಟಿನಲ್ಲಿ ಹೇಳಿ ಪಾಲಿನಲ್ಲಿ ಮುರಿದುಕೊಳ್ಳಲು ಆಗುವುದಿಲ್ಲ. 1961ರಿಂದ ಕೊಡುವುದೂ ಅಪರಾಧವೇ. ಅಲ್ಲದೆ ಆ ಹಣ ಹೋದದ್ದು ಬೀಗರ ಮನೆಗೆ, ಅಕ್ಕನ ಕೈಗಲ್ಲ. ನಿಮ್ಮ ಮದುವೆಗೂ ಖರ್ಚಾಗಿರಬೇಕಲ್ಲ, ಅದನ್ನು ನಿಮ್ಮ ಪಾಲಿನಲ್ಲಿ ಯಾರೂ ಮುರಿದಿಲ್ಲ.

ಸಾಲದ ಮಾತು ಬೇರೆ. ಅದರಲ್ಲಿ ನಿಮ್ಮ ಕಡೆ ನ್ಯಾಯವಿದೆ, ಮತ್ತು ಇದನ್ನು ಯಾರೂ ನಿಮಗೆ ಹೇಳಿಲ್ಲ ಎಂದು ಕಾಣುತ್ತದೆ. ಕುಟುಂಬದ ಅಗತ್ಯಕ್ಕೆ ಕರ್ತನು (ಮನೆಯ ಯಜಮಾನನು) ಮಾಡಿದ ಸಾಲ ಇಡೀ ಕುಟುಂಬದ ಸಾಲ. ಹೆಣ್ಣುಮಕ್ಕಳ ಮದುವೆಗೆ ಮಾಡಿದ ಸಾಲವೂ ಅದರಲ್ಲಿ ಸೇರುತ್ತದೆ. ಪಾಲು ಮಾಡುವ ಮೊದಲು ಅಂಥ ಸಾಲಕ್ಕೆ ಏರ್ಪಾಟು ಮಾಡಬೇಕು. ತಂದೆ ಬಿಟ್ಟುಹೋದ ಸಾಲವನ್ನು ನೀವು ನಿಮ್ಮ ದುಡಿಮೆಯಿಂದ ತೀರಿಸಿದ್ದರೆ, ಸೊಸೈಟಿಯ ರಸೀದಿ, ಬ್ಯಾಂಕಿನ ಪಾಸ್‌ಪುಸ್ತಕ, ಕೈಗಡದ ಚೀಟಿ, ಏನಿದ್ದರೂ ತೆಗೆದಿಡಿ. ಅದನ್ನು ಮೂವರ ಮೇಲೂ ಹಾಕಿ ಎಂದು ಕೇಳುವುದು ನ್ಯಾಯವಾದ ಬೇಡಿಕೆ. ಹೊಲದ ಬೆಳೆಯಿಂದಲೇ ತೀರಿಸಿದ್ದರೆ ಮಾತ್ರ ಈ ವಾದ ದುರ್ಬಲವಾಗುತ್ತದೆ, ಏಕೆಂದರೆ ಆ ಬೆಳೆಯಲ್ಲಿ ಅವರ ಪಾಲೂ ಇತ್ತು. ಬೋರ್‌ವೆಲ್ ಮತ್ತು ಅಡಿಕೆ ತೋಟದ ವಿಷಯದಲ್ಲಿಯೂ ಹೀಗೆಯೇ: ಯಾವ ಭಾಗವನ್ನು ಯಾರು ಅಭಿವೃದ್ಧಿಪಡಿಸಿದರೋ ಆ ಭಾಗವನ್ನು ಸಾಧ್ಯವಾದ ಮಟ್ಟಿಗೆ ಅವರ ಪಾಲಿಗೇ ಹಾಕುವುದು ಕೋರ್ಟುಗಳ ರೂಢಿ. ನಿಮ್ಮ 2 ಎಕರೆ ತೋಟ ನಿಮ್ಮ 3 ಎಕರೆಯ ಒಳಗೆ ಬರುವಂತೆ ಕೇಳಿಕೊಳ್ಳಬಹುದು.

ವಿನೀತಾ ಶರ್ಮಾ ತೀರ್ಪಿನಲ್ಲಿ ನನಗೆ ಹಿಡಿಸದ ಒಂದು ಸಾಲಿದೆ. ಮಗ ಹೆಂಡತಿ ಬರುವವರೆಗೆ ಮಗ, ಮಗಳು ಮಾತ್ರ ಬದುಕಿಡೀ ಮಗಳು ಎಂಬ ಅರ್ಥದ ಮಾತು ಅದು. ವೃತ್ತಪತ್ರಿಕೆಗಳೆಲ್ಲ ಅದನ್ನೇ ದೊಡ್ಡ ಅಕ್ಷರದಲ್ಲಿ ಹಾಕಿದವು. ಅಪ್ಪ ಅಮ್ಮನ ಕೊನೆಗಾಲದಲ್ಲಿ ಮಲಮೂತ್ರ ತೆಗೆದ ಗಂಡುಮಕ್ಕಳೂ, ಹೆಚ್ಚಾಗಿ ಅವರ ಹೆಂಡಂದಿರೂ, ನಮ್ಮ ಹಳ್ಳಿಗಳಲ್ಲಿ ಸಾವಿರಾರು ಮಂದಿ ಇದ್ದಾರೆ. ಅವರನ್ನು ನೋಯಿಸಿ ಹೆಣ್ಣುಮಕ್ಕಳ ಹಕ್ಕನ್ನು ಸಮರ್ಥಿಸುವ ಅಗತ್ಯವಿಲ್ಲ. ಮಗಳು ಪ್ರೀತಿಸುತ್ತಾಳೆ ಎಂದು ಅವಳಿಗೆ ಪಾಲು ಬರುವುದಲ್ಲ. ಅವಳು ಆ ತಂದೆಯ ಮಗು, ಅದಕ್ಕೆ ಬರುತ್ತದೆ.

ಹಿಂದೂಗಳಿಗೆ ಮಾತ್ರ ಏಕೆ ಎಂದು ಕೇಳಿದ್ದೀರಿ. ಕ್ರೈಸ್ತರಿಗೆ ಅನ್ವಯಿಸುವ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯಲ್ಲಿ ಮಗ ಮಗಳು ಸಮಾನರು. ತಿರುವಾಂಕೂರಿನ ಕ್ರೈಸ್ತ ಹೆಣ್ಣುಮಕ್ಕಳಿಗೂ ಅದು ಅನ್ವಯಿಸುತ್ತದೆ ಎಂದು 1986ರಲ್ಲಿ ಮೇರಿ ರಾಯ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಮುಸ್ಲಿಂ ಕಾನೂನಿನಲ್ಲಿ ಮಗಳಿಗೆ ಮಗನ ಪಾಲಿನ ಅರ್ಧ. ಅದು ಸಮಾನವಲ್ಲ, ಬದಲಾಗಬೇಕು ಎಂದೇ ನನ್ನ ಅಭಿಪ್ರಾಯ, ಮುಸ್ಲಿಂ ಮಹಿಳೆಯರೇ ಅನೇಕರು ಅದನ್ನು ಕೇಳುತ್ತಿದ್ದಾರೆ. ಆದರೆ ಅಲ್ಲಿ ಉಯಿಲಿನ ಮೂಲಕ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ಆಸ್ತಿಯನ್ನು ಬೇರೆಡೆ ದಾಟಿಸುವಂತಿಲ್ಲ. ನಮ್ಮಲ್ಲಿ ತಂದೆ ತನ್ನ ಸ್ವಯಾರ್ಜಿತವನ್ನೆಲ್ಲ ಒಂದು ಉಯಿಲಿನಿಂದ ಮಗನಿಗೆ ಬರೆದು ಮಗಳನ್ನು ಬರಿಗೈಯಲ್ಲಿ ನಿಲ್ಲಿಸಬಹುದು, ಮತ್ತು ನಿಲ್ಲಿಸುತ್ತಿದ್ದಾರೆ. 2005ರ ನಂತರ ಇಂಥ ಉಯಿಲುಗಳು ಮೊದಲಿಗಿಂತ ಹೆಚ್ಚಾಗಿ ನನ್ನ ಮೇಜಿಗೆ ಬರುತ್ತಿವೆ. ಸಮಾನ ನಾಗರಿಕ ಸಂಹಿತೆಯ ಚರ್ಚೆ ಹೊಸದಲ್ಲ. ಸಂವಿಧಾನದ 44ನೇ ವಿಧಿಯಲ್ಲಿ ಅದು ಕೂತಿದೆ, ಉತ್ತರಾಖಂಡ 2024ರಲ್ಲಿ ತನ್ನದೇ ಸಂಹಿತೆ ಮಾಡಿಕೊಂಡಿದೆ, ಕಾನೂನು ಆಯೋಗ 2018ರಲ್ಲಿ ಅದು ಈ ಹಂತದಲ್ಲಿ ಬೇಕಿಲ್ಲ ಎಂದಿತ್ತು. ಆ ಚರ್ಚೆ ಯಾವ ಕಡೆಗೆ ಹೊರಳಿದರೂ ನಿಮ್ಮ 9 ಎಕರೆಯ ಲೆಕ್ಕ ಬದಲಾಗುವುದಿಲ್ಲ. ನೆರೆಮನೆಯ ಹೆಣ್ಣುಮಕ್ಕಳಿಗೆ ಕಡಿಮೆ ಸಿಗುತ್ತಿದೆ ಎಂಬುದು ನಮ್ಮ ಮನೆಯವರಿಗೆ ಕೊಡದಿರಲು ಕಾರಣವಾಗುವುದೂ ಇಲ್ಲ. ಸರ್ಕಾರ ಹೊರಗಿನಿಂದ ಹೇರಿತು ಎಂಬುದೂ ಅರ್ಧ ಸತ್ಯ. ಹಿಂದೂ ಕಾನೂನು ಸುಧಾರಣೆಯ ಕರಡು ಸಿದ್ಧಪಡಿಸಿದ ಸಮಿತಿಯ ಅಧ್ಯಕ್ಷರು ಮಂಗಳೂರು ಮೂಲದ ಬೆನಗಲ್ ನರಸಿಂಗ ರಾವ್. ಅಂಬೇಡ್ಕರ್ ಅದನ್ನು ಸಂಸತ್ತಿನಲ್ಲಿ ಮುಂದೊತ್ತಿದರು, ಆಗದೇ ಹೋದಾಗ 1951ರಲ್ಲಿ ಮಂತ್ರಿ ಪದವಿ ಬಿಟ್ಟರು. ಅವರು ರಾಜೀನಾಮೆಗೆ ಕೊಟ್ಟ ಕಾರಣಗಳಲ್ಲಿ ಇದೂ ಒಂದು.

ಒಂದು ಎಚ್ಚರಿಕೆ ಇಲ್ಲಿಯೇ ಹೇಳಿಬಿಡುತ್ತೇನೆ, ಏಕೆಂದರೆ ಈ ಉತ್ತರವನ್ನು ನಿಮ್ಮಂತೆಯೇ ತೊಂದರೆಯಲ್ಲಿರುವ ಬೇರೆಯವರೂ ಓದುತ್ತಾರೆ. ಹಿಂದೂ ಉತ್ತರಾಧಿಕಾರ ಕಾಯ್ದೆ ಪರಿಶಿಷ್ಟ ಪಂಗಡಗಳಿಗೆ ತಾನಾಗಿಯೇ ಅನ್ವಯಿಸುವುದಿಲ್ಲ. ನಮ್ಮ ಭಾಗದಲ್ಲಿ ನಾಯಕ ಸಮುದಾಯದವರು ದೊಡ್ಡ ಸಂಖ್ಯೆಯಲ್ಲಿದ್ದಾರೆ. ಅವರ ಪ್ರಕರಣಗಳಲ್ಲಿ ಲೆಕ್ಕ ಬೇರೆ ದಾರಿ ಹಿಡಿಯಬಹುದು. ಅಂಥವರು ನನ್ನ ಈ ಮಾತನ್ನೇ ನಂಬಿ ನಡೆಯದೆ ಕಾಗದಪತ್ರ ತೋರಿಸಿ ಸಲಹೆ ಪಡೆಯಬೇಕು.

ಹೊಲ ಒಡೆದು ಹೋಳಾಗುತ್ತದೆ ಎಂಬ ನಿಮ್ಮ ಭಯ ಸುಳ್ಳಲ್ಲ. 2015–16ರ ಕೃಷಿ ಗಣತಿಯ ಪ್ರಕಾರ ದೇಶದ ಸರಾಸರಿ ಹಿಡುವಳಿ 1.08 ಹೆಕ್ಟೇರ್, ಅಂದರೆ ಎರಡೂಮುಕ್ಕಾಲು ಎಕರೆಗೂ ಕಡಿಮೆ. ಆದರೆ ಇದನ್ನು ಹೆಣ್ಣುಮಕ್ಕಳ ತಲೆಗೆ ಕಟ್ಟುವುದು ಸರಿಯಲ್ಲ. ಅದೇ ಗಣತಿಯಲ್ಲಿ ಮಹಿಳೆಯರ ಕೈಯಲ್ಲಿರುವ ಹಿಡುವಳಿಗಳು ನೂರಕ್ಕೆ 14ರಷ್ಟು ಮಾತ್ರ. ಹೋಳಾದದ್ದು ಗಂಡುಮಕ್ಕಳ ನಡುವೆಯೇ, ತಲೆಮಾರುಗಳಿಂದ. ನಿಮಗೆ ಅಕ್ಕಂದಿರ ಬದಲು ಇಬ್ಬರು ಅಣ್ಣಂದಿರಿದ್ದರೆ ಇದೇ ಹೊಲ ಇಷ್ಟೇ ಮೂರು ಹೋಳಾಗುತ್ತಿತ್ತು, ಆಗ ನೀವು ನನಗೆ ಪತ್ರ ಬರೆಯುತ್ತಿರಲಿಲ್ಲ. ದಕ್ಷಿಣ ಕನ್ನಡ, ಉಡುಪಿ ಕಡೆ ಅಳಿಯಸಂತಾನ ಪದ್ಧತಿಯಲ್ಲಿ ಬಂಟರು, ಬಿಲ್ಲವರು, ಮೊಗವೀರರಲ್ಲಿ ಕುಟುಂಬದ ಆಸ್ತಿ ಹೆಣ್ಣಿನ ಸಂತತಿಯ ಮೂಲಕವೇ ಶತಮಾನಗಳ ಕಾಲ ಹರಿದುಬಂತು. ಅಲ್ಲಿ ಯಜಮಾನಿಕೆ ಹೆಚ್ಚಾಗಿ ಗಂಡಸರದೇ ಆಗಿತ್ತು, ನಿಜ. ಆದರೆ ಹೆಣ್ಣಿನ ಮೂಲಕ ಆಸ್ತಿ ಇಳಿದರೆ ಬೇಸಾಯವೇ ಮುಳುಗುತ್ತದೆ ಎಂಬುದು ಅಲ್ಲಿ ಯಾರ ಅನುಭವವೂ ಅಲ್ಲ.

ಈ ಕಾನೂನಿನಿಂದ ಏನಾಯಿತು ಎಂದು ಅಳೆದು ನೋಡಿದವರಿದ್ದಾರೆ. ಕರ್ನಾಟಕ ಮತ್ತು ಮಹಾರಾಷ್ಟ್ರದ 1994ರ ತಿದ್ದುಪಡಿಯನ್ನು ಪರಿಶೀಲಿಸಿದ ಅಧ್ಯಯನವೊಂದು, ಹೆಣ್ಣುಮಕ್ಕಳಿಗೆ ಜಮೀನು ಬರುವ ಸಾಧ್ಯತೆ ಹೆಚ್ಚಿತು, ಅವರ ಓದೂ ಮುಂದುವರಿಯಿತು, ಆದರೂ ಸಮಪಾಲು ಕೈಗೆ ಬರಲಿಲ್ಲ ಎಂದು ಕಂಡುಕೊಂಡಿತು. ಕೇರಳದ ತಿರುವನಂತಪುರ ಜಿಲ್ಲೆಯಲ್ಲಿ ನಡೆದ ಇನ್ನೊಂದು ಅಧ್ಯಯನದಲ್ಲಿ, ಮನೆಯೂ ಜಮೀನೂ ಇಲ್ಲದ ಹೆಂಗಸರಲ್ಲಿ ನೂರಕ್ಕೆ 49 ಮಂದಿ ಗಂಡನಿಂದ ದೀರ್ಘಕಾಲ ಹೊಡೆತ ತಿಂದಿದ್ದರು. ಎರಡೂ ಇದ್ದವರಲ್ಲಿ ನೂರಕ್ಕೆ 7. ಈ ಅಂಕಿಯನ್ನು ಮೊದಲ ಸಲ ಓದಿದಾಗ ನನಗೆ ಮಾತು ಹೊರಡಲಿಲ್ಲ. ಆದರೆ ಇನ್ನೊಂದು ಮುಖವನ್ನೂ ಮುಚ್ಚಿಡಬಾರದು: ಹೆಣ್ಣುಮಕ್ಕಳಿಗೆ ಹಕ್ಕು ಕೊಟ್ಟ ರಾಜ್ಯಗಳಲ್ಲಿ ಗಂಡುಮಗುವೇ ಬೇಕೆಂಬ ಹಟ ಹೆಚ್ಚಾಯಿತು, ಹೆಣ್ಣುಭ್ರೂಣಗಳು ಹೆಚ್ಚು ಕಾಣೆಯಾದವು ಎಂದು ತೋರಿಸಿದ ಅಧ್ಯಯನವೂ ಇದೆ. ಹೊಲ ಹೋಗುತ್ತದೆ ಎಂಬ ನಿಮ್ಮ ಭಯ ಎಷ್ಟು ಆಳಕ್ಕೆ ಇಳಿಯಬಲ್ಲದು ಎಂಬುದಕ್ಕೆ ಅದು ಸಾಕ್ಷಿ. ಅದಕ್ಕೇ ಈ ಭಯವನ್ನು ನಾನು ಹಗುರವಾಗಿ ನೋಡುವುದಿಲ್ಲ.

ಇಷ್ಟು ವರ್ಷ ಸುಮ್ಮನಿದ್ದು ಬೆಲೆ ಬಂದ ಮೇಲೆ ಈಗೇಕೆ ಎಂದು ನಿಮಗೆ ಅನ್ನಿಸುತ್ತಿರಬಹುದು. ಅವರು ಸುಮ್ಮನಿದ್ದದ್ದು ತವರಿಗಾಗಿ. ಪಾಲು ಕೇಳಿದ ದಿನ ಪಂಚಮಿಯ ಉಂಡಿ ನಿಲ್ಲುತ್ತದೆ, ದೀಪಾವಳಿಗೆ ಕರೆಯಲು ಯಾರೂ ಬರುವುದಿಲ್ಲ, ಗಂಡನ ಮನೆಯಲ್ಲಿ ಕಷ್ಟವಾದರೆ ಹೋಗಿ ನಿಲ್ಲುವ ಬಾಗಿಲು ಮುಚ್ಚುತ್ತದೆ ಎಂದು ಪ್ರತಿಯೊಬ್ಬ ಹೆಣ್ಣುಮಗಳಿಗೂ ಗೊತ್ತಿದೆ. ಕೋಟಿ ಬೆಲೆಯ ಹಕ್ಕನ್ನು ವರ್ಷಕ್ಕೊಂದು ಸೀರೆಗೆ, ಒಂದು ಕುಬುಸದ ಕಣಕ್ಕೆ ಬಿಟ್ಟುಕೊಟ್ಟವರು ಅವರು. ಸಂಬಂಧ ಉಳಿಯುತ್ತದೆಯೇ ಎಂಬ ನಿಮ್ಮ ಪ್ರಶ್ನೆಗೆ ನನ್ನ ಉತ್ತರ ಇದು: ಇಲ್ಲಿಯವರೆಗೆ ಅದನ್ನು ಉಳಿಸಿದ ಖರ್ಚನ್ನು ಅಕ್ಕಂದಿರೇ ಭರಿಸಿದ್ದಾರೆ.

ಕೊಟ್ಟ ಹೊಲ ಭಾವನ ಮನೆಯವರ ಪಾಲಾಗುತ್ತದೆ ಎಂದು ಊರವರು ನಿಮ್ಮನ್ನು ಹೆದರಿಸಿರಬಹುದು. ಕಾನೂನು ಅದನ್ನೂ ನೋಡಿದೆ. ತಂದೆ ತಾಯಿಯಿಂದ ಉತ್ತರಾಧಿಕಾರವಾಗಿ ಬಂದ ಆಸ್ತಿ, ಮಕ್ಕಳಿಲ್ಲದೆ, ಉಯಿಲೂ ಬರೆಯದೆ ಮಗಳು ತೀರಿಕೊಂಡರೆ ಅವಳ ತಂದೆಯ ವಾರಸುದಾರರಿಗೆ ಮರಳುತ್ತದೆ. ಅನ್ಯಾಯ ಇರುವುದು ಬೇರೆ ಕಡೆ. ಮಕ್ಕಳಿಲ್ಲದ ವಿಧವೆ ತಾನೇ ದುಡಿದು ಗಳಿಸಿದ್ದು ಇಂದಿಗೂ ಮೊದಲು ಹೋಗುವುದು ಗಂಡನ ಕಡೆಯವರಿಗೆ. ಮದುವೆಯಾದ ಮೂರೇ ತಿಂಗಳಿಗೆ ಗಂಡನನ್ನು ಕಳೆದುಕೊಂಡು, ಗಂಡನ ಮನೆಯಿಂದ ಹೊರದೂಡಲ್ಪಟ್ಟು, ತವರಿನವರು ಓದಿಸಿದ್ದರಿಂದ ನೌಕರಿ ಹಿಡಿದ ಹೆಣ್ಣುಮಗಳೊಬ್ಬಳ ಗಳಿಕೆಯನ್ನೆಲ್ಲ 2009ರಲ್ಲಿ ಸುಪ್ರೀಂ ಕೋರ್ಟ್ ಅವಳ ಗಂಡನ ಸಹೋದರಿಯ ಮಕ್ಕಳಿಗೆ ಕೊಡಬೇಕಾಯಿತು, ಕಾಯ್ದೆಯ 15ನೇ ಕಲಮು ಹಾಗಿರುವುದರಿಂದ. ಕಾನೂನು ಬದಲಾಗಬೇಕು ಎಂದು ಹೋರಾಡುವುದಾದರೆ ಇದಕ್ಕೆ ಹೋರಾಡಬೇಕು.

ಈಗ ನೀವು ಮಾಡಬೇಕಾದದ್ದು. ಅಕ್ಕಂದಿರು ಬಾಯಿಯಲ್ಲಿ ಕೇಳಿದ್ದಾರೆ, ಇನ್ನೂ ನೋಟಿಸ್ ಬಂದಿಲ್ಲ ಎಂದು ನಿಮ್ಮ ಪತ್ರದಿಂದ ಕಾಣುತ್ತದೆ. ಹಾಗಿದ್ದರೆ ದಾವೆಗೆ ಕಾಯಬೇಡಿ. ಪಾಲಿನ ದಾವೆಯಲ್ಲಿ ಮೊದಲು ಯಾರಿಗೆ ಎಷ್ಟು ಪಾಲು ಎಂದು ಹೇಳುವ ಪ್ರಾಥಮಿಕ ಡಿಕ್ರಿ, ಆಮೇಲೆ ಅಂತಿಮ ಡಿಕ್ರಿಯ ಅರ್ಜಿ, ಕಂದಾಯದವರಿಂದ ಅಳತೆ, ಮಧ್ಯೆ ಮೇಲ್ಮನವಿ. ವರ್ಷಗಳು ಹೋಗುತ್ತವೆ, ಮತ್ತು ದಾವೆ ಹೂಡಿದ ದಿನದಿಂದ ಹೊಲದ ಆದಾಯದ ಲೆಕ್ಕವನ್ನೂ ಅವರು ಕೇಳಬಹುದು. ಅದರ ಬದಲು ಮೂವರೂ ಕೂತು, ತೋಟ ಮತ್ತು ಬೋರ್‌ವೆಲ್ ಇರುವ 3 ಎಕರೆ ನಿಮಗೆ ಎಂದು ಮೊದಲು ಒಪ್ಪಿಸಿಕೊಳ್ಳಿ. ಹೆದ್ದಾರಿಗೆ ಹೊಂದಿದ ಅಂಚನ್ನೆಲ್ಲ ನೀವೇ ಇಟ್ಟುಕೊಂಡು ಹಿಂದಿನ ಕಲ್ಲುನೆಲವನ್ನು ಅವರಿಗೆ ತೋರಿಸಿದರೆ ಮಾತುಕತೆ ಅಲ್ಲಿಗೇ ಮುರಿಯುತ್ತದೆ, ಬೆಲೆಯನ್ನೂ ಸರಿದೂಗಿಸಬೇಕು. ಅಕ್ಕಂದಿರಿಗೆ ಬೇಸಾಯ ಬೇಡ, ಹಣ ಸಾಕು ಎನ್ನುವುದಾದರೆ ಇಂದಿನ ದರಕ್ಕೆ ನೀವೇ ಕಂತಿನಲ್ಲಿ ಕೊಂಡುಕೊಳ್ಳಿ. ಸಹ ವಾರಸುದಾರರು ತಮ್ಮ ಪಾಲನ್ನು ಮಾರಲು ಹೊರಟಾಗ ಕೊಳ್ಳುವ ಮೊದಲ ಹಕ್ಕು ಮನೆಯವರಿಗೇ ಎಂದು ಕಾಯ್ದೆಯ 22ನೇ ಕಲಮಿನಲ್ಲಿದೆ; ಅದು ಕೃಷಿ ಜಮೀನಿಗೂ ಸಲ್ಲುತ್ತದೆ ಎಂದು 2019ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಒಪ್ಪಂದವಾದ ಮೇಲೆ ಸರ್ವೆಯವರಿಂದ ಪ್ರತಿ ಪಾಲನ್ನೂ ಅಳೆದು ತೋರಿಸುವ 11ಇ ನಕ್ಷೆ ಮಾಡಿಸಿ, ವಾಟ್ನಿ ಪತ್ರವನ್ನು ನೋಂದಣಿ ಮಾಡಿಸಿ. ಈ ಸಲ ವರ್ದಿಯಲ್ಲಿ ಮುಗಿಸಬೇಡಿ. ಒಮ್ಮತ ಬಾರದಿದ್ದರೆ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋದರೆ ಲೋಕ ಅದಾಲತ್‌ನಲ್ಲಿ ಕೂರಿಸಿ ಮಾತಾಡಿಸುತ್ತಾರೆ. ಆದಾಯ ಎಷ್ಟೇ ಇದ್ದರೂ ಹೆಣ್ಣುಮಕ್ಕಳಿಗೆ ಅಲ್ಲಿ ವಕೀಲರ ನೆರವು ಉಚಿತ. ಅಲ್ಲಿ ಆದ ರಾಜಿಗೆ ಡಿಕ್ರಿಯ ಬಲವಿದೆ, ಅದರ ಮೇಲೆ ಮೇಲ್ಮನವಿ ಇಲ್ಲ.

ಅಲ್ಲಿಯವರೆಗೆ ಒಂದು ಗುಂಟೆಯನ್ನೂ ಮಾರಬೇಡಿ, ಯಾರಿಂದಲೂ ಮುಂಗಡ ಹಿಡಿಯಬೇಡಿ. ಉತಾರದಲ್ಲಿ ನಿಮ್ಮೊಬ್ಬರದೇ ಹೆಸರಿದೆ ಎಂದು ಹೆದ್ದಾರಿ ಬದಿಯ ದಲ್ಲಾಳಿಗಳು ನಿಮ್ಮನ್ನು ಪುಸಲಾಯಿಸುತ್ತಾರೆ. ನೀವು ಬರೆದುಕೊಟ್ಟ ಕ್ರಯಪತ್ರ ನಿಮ್ಮ 3 ಎಕರೆಗೆ ಮಾತ್ರ ಸಲ್ಲುತ್ತದೆ. ಉಳಿದದ್ದಕ್ಕೆ ಕೊಂಡವನು ನಿಮ್ಮ ಮೇಲೆಯೇ ಮೋಸದ ದೂರು ಕೊಡಬಹುದು.